ಪಾಸ್‌ಪೋರ್ಟ್ ಯಾರ ಕೈಲಿದೆ? ದುಬೈಯಲ್ಲಿ ಕೂತು ಕೇಳೋ ಆಗಸ್ಟ್ 15ರ ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಮಾತಾಡ್ತಾ ಇರೋದು ದುಬೈಯಿಂದ. ಹಗಲು ಒಂದು ಆಫೀಸಲ್ಲಿ ಲೆಕ್ಕ ಬರೀತೀನಿ, ರಾತ್ರಿ ಈ ಪಾಡ್‌ಕಾಸ್ಟ್. ಬಿ.ಕಾಂ. ಓದಿದವರ ಚಾಳಿ ಗೊತ್ತಲ್ಲ, ಏನೇ ಹೇಳಿದ್ರೂ ಕಾಗದ ತೋರಿಸಿ ಅಂತೀವಿ. ಇವತ್ತಿನ ವಿಷಯವನ್ನೂ ಹಾಗೇ ನೋಡೋಣ.

ವಿಷಯ ಇಷ್ಟು. ಕೆಲಸಕ್ಕೆ ಅಂತ ಪರದೇಶಕ್ಕೆ ಬಂದವರಿಗೆ ಸ್ವಾತಂತ್ರ್ಯ ಅಂದ್ರೆ ಏನು? ಭಾಷಣದಲ್ಲಿ ಬರೋ ದೊಡ್ಡ ಪದವನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇವತ್ತು ಸಂಜೆ ಊರಿಂದ ಫೋನ್ ಬಂದು, ಅಮ್ಮನಿಗೆ ಹುಷಾರಿಲ್ಲ ಅಂದ್ರೆ, ರಾತ್ರಿ ಫ್ಲೈಟ್ ಹತ್ತೋಕೆ ಆಗುತ್ತಾ, ಇಲ್ವಾ? ಸಂಬಳ ಸರಿಯಾಗಿ ಕೊಡದ ಕೆಲಸ ಬಿಟ್ಟು ಬೇರೆ ಕೆಲಸ ಹಿಡಿಯೋಕೆ ಆಗುತ್ತಾ? ಇದಕ್ಕೆಲ್ಲ ಉತ್ತರ ನಾಲ್ಕು ಕಾಗದದಲ್ಲಿದೆ: ಪಾಸ್‌ಪೋರ್ಟ್, ಕೆಲಸದ ಕಾಂಟ್ರಾಕ್ಟ್, ಸಾಲದ ಪತ್ರ, ಓಟಿನ ಚೀಟಿ. ಒಂದೊಂದಾಗಿ ಬಿಡಿಸಿ ನೋಡೋಣ. ಅದಕ್ಕೂ ಮುಂಚೆ, ಇಲ್ಲಿ ಆಗಸ್ಟ್ 15 ಹೇಗಿರುತ್ತೆ ಅಂತ ಹೇಳ್ತೀನಿ.

ಕಾನ್ಸುಲೇಟ್ ಬಾವುಟ, ಸೋನಾಪುರದ ಬಸ್ಸು

ಆಗಸ್ಟ್ 15 ಇಲ್ಲಿ ರಜೆ ಇಲ್ಲ. ಭಾರತೀಯ ಕಾನ್ಸುಲೇಟ್‌ನಲ್ಲಿ ಬಿಸಿಲು ಏರೋ ಮುಂಚೆ ಧ್ವಜಾರೋಹಣ ಆಗುತ್ತೆ. ರಾಷ್ಟ್ರಗೀತೆ ಹಾಡಿದ ಮೇಲೆ, ರಾಷ್ಟ್ರಪತಿಗಳು ದೇಶಕ್ಕೆ ಮಾಡಿದ ಭಾಷಣವನ್ನ ಓದ್ತಾರೆ. ಜಗತ್ತಿನ ಎಲ್ಲ ಕಡೆ ನಮ್ಮ ರಾಯಭಾರ ಕಚೇರಿಗಳಲ್ಲಿ ಇದೇ ಪದ್ಧತಿ. ಬಿಳಿ ಜುಬ್ಬಾ, ಮೂರು ಬಣ್ಣದ ಬಳೆ, ಸೆಲ್ಫಿ ಎಲ್ಲಾ ಆಗುತ್ತೆ. ಆಮೇಲೆ ಡ್ಯೂಟಿ ಇರೋರು ಓಡ್ತಾರೆ.

ಅದೇ ಹೊತ್ತಿಗೆ ಸೋನಾಪುರದಿಂದ ಹೊರಟ ಬಸ್ಸುಗಳು ಕಟ್ಟಡದ ಸೈಟ್ ಮುಟ್ಟಿರುತ್ತವೆ. ಸೋನಾಪುರ ಅಂದ್ರೆ ದುಬೈಯ ದೊಡ್ಡ ಲೇಬರ್ ಕ್ಯಾಂಪ್ ಪ್ರದೇಶ. ಮ್ಯಾಪ್‌ನಲ್ಲಿ ಹೆಸರು ಮುಹೈಸ್ನಾ. ಸೋನಾಪುರ ಅನ್ನೋ ಚಿನ್ನದ ಹೆಸರು ಅಲ್ಲಿರೋ ನಮ್ಮವರ ಬಾಯಲ್ಲಿ ಬಂದದ್ದು. ಯುಎಇಯಲ್ಲಿ ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ, ಅದು ಕಾನೂನು. ನಮ್ಮ ಸ್ವಾತಂತ್ರ್ಯ ದಿನ ಆ ಮೂರು ತಿಂಗಳ ಒಳಗೇ ಬರುತ್ತೆ. ಆ ಎರಡೂವರೆ ಗಂಟೆ ನೆರಳಲ್ಲಿ ಮಲಗಿ, ಊರಿಂದ ಬಂದ ಶಾಲೆ ಮಕ್ಕಳ ಧ್ವಜಾರೋಹಣದ ವಿಡಿಯೋ ನೋಡೋರೇ ಇಲ್ಲಿ ಜಾಸ್ತಿ.

ಇತಿಹಾಸದ ಒಂದು ತಮಾಷೆಯನ್ನೂ ಹೇಳಿಬಿಡ್ತೀನಿ. 1947ರಲ್ಲಿ ನಾವು ಸ್ವತಂತ್ರರಾದಾಗ ಈ ಊರು ಬ್ರಿಟಿಷರ ರಕ್ಷಣೆಯಲ್ಲೇ ಇತ್ತು. ಇಲ್ಲಿ ಚಲಾವಣೆಯಲ್ಲಿದ್ದ ಹಣ ಯಾವುದು ಗೊತ್ತಾ? ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆ ಅಂತಲೇ ಬೇರೆ ಬಣ್ಣದ 'ಗಲ್ಫ್ ರುಪಿ' ನೋಟು ಹೊರಡಿಸಿತು. 1966ರಲ್ಲಿ ಭಾರತ ರೂಪಾಯಿ ಬೆಲೆ ಇಳಿಸಿದ ಮೇಲೆ ದುಬೈ ಅದನ್ನ ಬಿಟ್ಟಿತು. ಯುಎಇ ದೇಶ ಹುಟ್ಟಿದ್ದು 1971ರ ಡಿಸೆಂಬರ್ 2ಕ್ಕೆ. ಪಕ್ಕದ ಬಹ್ರೇನ್ ಸ್ವತಂತ್ರವಾದದ್ದು ಅದೇ ವರ್ಷ ಆಗಸ್ಟ್ 15ಕ್ಕೆ, ನಮ್ಮದೇ ತಾರೀಕು. ಅವರು ರಾಷ್ಟ್ರೀಯ ದಿನ ಮಾಡೋದು ಮಾತ್ರ ಡಿಸೆಂಬರ್ 16ಕ್ಕೆ. ಒಂದು ಕಾಲಕ್ಕೆ ನಮ್ಮ ನೋಟು ಓಡಾಡಿದ ಊರಿಗೆ ಈಗ ನಾವು ನೋಟು ಹುಡುಕ್ಕೊಂಡು ಬಂದಿದ್ದೀವಿ.

ಮೊದಲನೇ ಕಾಗದ: ಪಾಸ್‌ಪೋರ್ಟ್

ನಮ್ಮ ಕುಂದಾಪುರ ಕಡೆಯ ಒಬ್ಬರು ಅಣ್ಣ ಇಲ್ಲೊಂದು ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ಬಂದ ವಾರವೇ ವೀಸಾ ಸ್ಟ್ಯಾಂಪಿಂಗ್ ಅಂತ ಪಾಸ್‌ಪೋರ್ಟ್ ಕೊಟ್ಟರು. ಅದು ವಾಪಸ್ ಬರಲಿಲ್ಲ. ಕೇಳಿದ್ರೆ 'ಸೇಫ್ಟಿಗೆ ಆಫೀಸಲ್ಲಿಟ್ಟಿದ್ದೀವಿ' ಅಂದ್ರಂತೆ. ನಾಲ್ಕು ವರ್ಷ ಏನೂ ತೊಂದರೆ ಆಗಲಿಲ್ಲ. ಒಂದು ದಿನ ಅವರ ತಂದೆ ತೀರಿಕೊಂಡ್ರು. ಪಾಸ್‌ಪೋರ್ಟ್ ಕೊಡಿ ಅಂದ್ರೆ, ಅರ್ಜಿ ಬರೀಬೇಕು, ಜೊತೆ ಕೆಲಸ ಮಾಡೋ ಇಬ್ಬರು ಜಾಮೀನು ಹಾಕಬೇಕು, ಸಹಿ ಹಾಕೋ ಮ್ಯಾನೇಜರ್ ರಜೆಯಲ್ಲಿದ್ದಾರೆ ಅಂತ ಶುರುವಾಯ್ತು. ಪಾಸ್‌ಪೋರ್ಟ್ ಕೈಗೆ ಸಿಕ್ಕಿದ್ದು ಮೂರನೇ ದಿನ. ಊರು ಮುಟ್ಟುವಾಗ ಬೂದಿ ತುಂಬಿ ಆಗಿತ್ತು. ನನಗೆ ಹೇಳಿದ್ದು ಒಂದೇ ಮಾತು: 'ನಂದೇ ಪುಸ್ತಕಕ್ಕೆ ನಾನೇ ಅರ್ಜಿ ಹಾಕಿದೆ ಮಾರಾಯ'.

ಕಾನೂನು ಏನು ಹೇಳುತ್ತೆ ನೋಡಿ. ಯುಎಇಯ 2021ರ ಕಾರ್ಮಿಕ ಕಾನೂನು, ಅಂದ್ರೆ 33ನೇ ಸಂಖ್ಯೆಯ ಫೆಡರಲ್ ಡಿಕ್ರಿ, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಕೆಲಸಗಾರರ ದಾಖಲೆಗಳನ್ನ ಮಾಲೀಕ ಹಿಡಿದಿಟ್ಟುಕೊಳ್ಳಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ಕಡೆ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಇದೆ. ಅದರ ಪ್ರಕಾರ ಪಾಸ್‌ಪೋರ್ಟ್ ಯಾವತ್ತೂ ಕೇಂದ್ರ ಸರ್ಕಾರದ ಆಸ್ತಿ. ಕಂಪನಿ ತನ್ನ ಕಪಾಟಲ್ಲಿ ಬೀಗ ಹಾಕಿಟ್ಟಿರೋದು ಭಾರತ ಸರ್ಕಾರದ ವಸ್ತು. 'ಸೇಫ್ಟಿಗೆ' ಅನ್ನೋರಿಗೆ ಇದನ್ನ ಹೇಳಬಹುದು.

ಈ ಕಾಯ್ದೆ ಹುಟ್ಟಿದ ಕಥೆಯೂ ಸ್ವಾತಂತ್ರ್ಯದ ಕಥೆಯೇ. 1967ಕ್ಕೂ ಮುಂಚೆ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಇಷ್ಟ. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಅನ್ನೋ ವ್ಯಾಪಾರಿಯ ಕೇಸಲ್ಲಿ ಸುಪ್ರೀಂ ಕೋರ್ಟ್, ಹೊರದೇಶಕ್ಕೆ ಹೋಗೋದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತೆ ಅಂತ ಹೇಳಿತು. ಅದಾದ ಮೇಲೆ ಸರ್ಕಾರ ಕಾನೂನು ಮಾಡಲೇಬೇಕಾಯ್ತು. ಹತ್ತು ವರ್ಷದ ನಂತರ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್‌ನ ಸರ್ಕಾರ ಕಾರಣ ಹೇಳದೆ ವಶಕ್ಕೆ ತಗೊಂಡಿತು. ಆ ಕೇಸಿನ ತೀರ್ಪು ಬಂದದ್ದು 1978ರ ಜನವರಿ 25ಕ್ಕೆ, ಗಣರಾಜ್ಯೋತ್ಸವದ ಹಿಂದಿನ ದಿನ. ಸ್ವಾತಂತ್ರ್ಯವನ್ನ ಕಿತ್ತುಕೊಳ್ಳೋ ವಿಧಾನ ನ್ಯಾಯವಾಗಿರಬೇಕು, ಮನಸ್ಸಿಗೆ ಬಂದ ಹಾಗಿರಬಾರದು ಅಂತ ಕೋರ್ಟ್ ಹೇಳಿತು. ದೇಶದ ಸರ್ಕಾರವೇ ಕಾರಣ ಕೊಡದೆ ಇಟ್ಟುಕೊಳ್ಳೋಕೆ ಆಗದ ಪುಸ್ತಕವನ್ನ, ಒಂದು ಕಂಪನಿಯ ಆಫೀಸು ನಾಲ್ಕು ವರ್ಷ ಇಟ್ಟುಕೊಂಡಿತ್ತು.

ಎರಡನೇ ಕಾಗದ: ಕಾಂಟ್ರಾಕ್ಟ್

'ಕಫಾಲಾ' ಅನ್ನೋ ಪದ ಕೇಳಿರ್ತೀರಿ. ಜಾಮೀನು, ಹೊಣೆ ಅಂತ ಅರ್ಥ. ಹೊರಗಿನಿಂದ ಬಂದ ಕೆಲಸಗಾರರಿಗೆ ಸ್ಥಳೀಯ ಮಾಲೀಕನೇ ಹೊಣೆ. ಅವನನ್ನ ಕಫೀಲ್ ಅಂತಾರೆ. ದೇಶದೊಳಗೆ ನಾವು ಇರೋ ಹಕ್ಕು ಅವನ ಕೆಲಸಕ್ಕೆ ಗಂಟು ಬಿದ್ದಿರುತ್ತೆ. ಕೆಲಸ ಹೋದ್ರೆ ವೀಸಾನೂ ಹೋಗುತ್ತೆ. ಊರಲ್ಲಿ ಕೆಲಸ ಬಿಟ್ಟರೆ ಸಂಬಳ ಮಾತ್ರ ಹೋಗುತ್ತೆ, ಇಲ್ಲಿ ಬಿಟ್ಟರೆ ಮಲಗೋ ಮಂಚವೂ ಹೋಗುತ್ತೆ.

ಈ ಗಂಟು ಎಲ್ಲ ಕಡೆ ಒಂದೇ ಥರ ಬಿಗಿಯಾಗಿಲ್ಲ. ಯುಎಇಯಲ್ಲಿ ನೋಟಿಸ್ ಕೊಟ್ಟು ಕೆಲಸ ಬಿಡಬಹುದು. ನೋಟಿಸ್ ಅವಧಿ 30 ದಿನಕ್ಕಿಂತ ಕಡಿಮೆ ಇರಬಾರದು, 90 ದಿನ ಮೀರಬಾರದು. ಕತಾರ್‌ನಲ್ಲಿ ಮೊದಲು ದೇಶ ಬಿಡೋಕೂ ಮಾಲೀಕನ ಎಕ್ಸಿಟ್ ಪರ್ಮಿಟ್ ಬೇಕಿತ್ತು. 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ ಅದನ್ನ ತೆಗೆದ್ರು, 2020ರಲ್ಲಿ ಮನೆಕೆಲಸದವರಿಗೂ ತೆಗೆದ್ರು. ಸೌದಿಯಲ್ಲಿ 2021ರ ಮಾರ್ಚ್‌ನಲ್ಲಿ ಬಂದ ಸುಧಾರಣೆಯಿಂದ ಕಂಪನಿ ಕೆಲಸಗಾರರಿಗೆ ಕೆಲಸ ಬದಲಿಸೋದು, ಊರಿಗೆ ಹೋಗೋದು ಸುಲಭ ಆಯ್ತು, ಆದ್ರೆ ಮನೆಕೆಲಸದವರು, ಡ್ರೈವರ್‌ಗಳು ಅದರ ಹೊರಗೆ ಉಳಿದ್ರು. ಕುವೈತ್ ತಿರುಗಿ ಹಿಂದಕ್ಕೆ ಹೋಯ್ತು. 2025ರ ಜುಲೈ 1ರಿಂದ ಖಾಸಗಿ ಕಂಪನಿಯ ವಿದೇಶಿ ಕೆಲಸಗಾರರು ದೇಶ ಬಿಡೋ ಮುಂಚೆ ಮಾಲೀಕರು ಒಪ್ಪಿದ ಎಕ್ಸಿಟ್ ಪರ್ಮಿಟ್ ತೋರಿಸಬೇಕು. ಹಾಗಾಗಿ 'ಗಲ್ಫ್‌ಗೆ ಹೋಗ್ತಿದ್ದೀನಿ' ಅನ್ನೋದು ಅರ್ಧ ಮಾಹಿತಿ. ಯಾವ ದೇಶ, ಯಾವ ವೀಸಾ, ಕಂಪನಿಗೋ ಮನೆಗೋ, ಇಷ್ಟೂ ಗೊತ್ತಾದ ಮೇಲೇ ನಿಮ್ಮ ಸ್ವಾತಂತ್ರ್ಯ ಎಷ್ಟು ಅಂತ ಲೆಕ್ಕ ಹಾಕೋಕೆ ಆಗೋದು.

ಭಾಷೆಯದ್ದೂ ಒಂದು ವಿಷಯ ಇದೆ. 2016ರಿಂದ ಯುಎಇಯಲ್ಲಿ ಆಫರ್ ಲೆಟರ್ ಅರಬ್ಬೀ, ಇಂಗ್ಲಿಷ್ ಜೊತೆ ಕೆಲಸಗಾರರಿಗೆ ಅರ್ಥವಾಗೋ ಮೂರನೇ ಭಾಷೆಯಲ್ಲೂ ಇರಬೇಕು ಅಂತ ನಿಯಮ ಬಂತು. ಆಗಿನ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ ಇದ್ದವು. ಕನ್ನಡ ಇರಲಿಲ್ಲ. ಕರಾವಳಿಯಿಂದ ಇಷ್ಟು ಜನ ಬರ್ತಾರೆ, ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತಾಡ್ತಾರೆ, ಶಾಲೆಯಲ್ಲಿ ಓದಿದ್ದು ಕನ್ನಡ. ಸಹಿ ಹಾಕೋದು ಮಾತ್ರ ಪಕ್ಕದ ಬೆಡ್‌ನವರು ಓದಿ ಹೇಳಿದ ಕಾಗದಕ್ಕೆ.

ಊರಲ್ಲಿ ಸಹಜ ಅನ್ನಿಸಿದ ಇನ್ನೂ ಕೆಲವು ಇಲ್ಲಿಲ್ಲ. ಯೂನಿಯನ್ ಕಟ್ಟೋ ಹಾಗಿಲ್ಲ, ಮುಷ್ಕರ ಹೂಡೋ ಹಾಗಿಲ್ಲ. ಅನುಮತಿ ಇಲ್ಲದೆ ಚಂದಾ ಎತ್ತೋದೂ ಅಪರಾಧ. ರೂಮ್‌ಮೇಟ್ ಸತ್ತಾಗ ಶವ ಊರಿಗೆ ಕಳಿಸೋಕೆ ವಾಟ್ಸಾಪ್ ಗ್ರೂಪಲ್ಲಿ ದುಡ್ಡು ಎತ್ತೋಣ ಅಂತ ಅನ್ನಿಸೋದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ, ಮೊದಲು ಕಾನ್ಸುಲೇಟ್‌ಗೆ ಹೇಳಿ. ಅದಕ್ಕೆಂದೇ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ರಾಯಭಾರ ಕಚೇರಿಗಳಲ್ಲಿದೆ.

ಮೂರನೇ ಕಾಗದ: ಸಾಲದ ಪತ್ರ

ಇಲ್ಲಿ ನನ್ನ ಕ್ಯಾಲ್ಕುಲೇಟರ್ ಹೊರಗೆ ಬರುತ್ತೆ. ಒಂದು ಉದಾಹರಣೆ. ಒಬ್ಬ ಹುಡುಗ ಏಜೆಂಟ್‌ಗೆ 1,50,000 ರೂಪಾಯಿ ಕೊಟ್ಟು ಬಂದ. ದುಡ್ಡು ತಂದಿದ್ದು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ, ಅಂದ್ರೆ ತಿಂಗಳಿಗೆ ಶೇ 3. ಖರ್ಚು ಕಳೆದು ತಿಂಗಳಿಗೆ 12,000 ರೂಪಾಯಿ ಸಾಲಕ್ಕೆ ಕಟ್ತಾನೆ. ಮೊದಲ ತಿಂಗಳು ಅದರಲ್ಲಿ 4,500 ಬಡ್ಡಿಗೇ ಹೋಯ್ತು. ಲೆಕ್ಕ ಹಾಕಿದ್ರೆ ಸಾಲ ತೀರೋಕೆ ಸುಮಾರು 16 ತಿಂಗಳು. ವೀಸಾ ಎರಡು ವರ್ಷದ್ದು ಅಂತಿಟ್ಟುಕೊಳ್ಳಿ. 24 ತಿಂಗಳಲ್ಲಿ 16 ತಿಂಗಳು ಅವನು ದುಡಿದಿದ್ದು ಬಡ್ಡಿಯವನಿಗೆ. ಈ ಹುಡುಗನ ಪಾಸ್‌ಪೋರ್ಟ್ ಜೇಬಲ್ಲೇ ಇದ್ರೂ ಏನು ಬಂತು? ಸೂಪರ್‌ವೈಸರ್ ಬೈದ್ರೂ ಕೆಲಸ ಬಿಡಲಾರ, ಸಂಬಳ ಕಡಿಮೆ ಕೊಟ್ರೂ ದೂರು ಕೊಡಲಾರ.

ನಮ್ಮ ದೇಶದ ನಿಯಮದ ಪ್ರಕಾರ ನೋಂದಾಯಿತ ನೇಮಕಾತಿ ಏಜೆಂಟ್ ತಗೋಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದಕ್ಕೆ ಶೇ 18 ಜಿಎಸ್‌ಟಿ, ಒಟ್ಟು 35,400. ಅದೇ ಹುಡುಗ ಅದೇ ಬಡ್ಡಿಗೆ ಇಷ್ಟೇ ಸಾಲ ಮಾಡಿದ್ದಿದ್ರೆ ಮೂರು ತಿಂಗಳು ಚಿಲ್ಲರೆಯಲ್ಲಿ ಋಣಮುಕ್ತ. ಯುಎಇ ಕಾನೂನಂತೂ ನೇಮಕಾತಿ ಖರ್ಚು ಪೂರ್ತಿ ಮಾಲೀಕನದ್ದೇ ಅನ್ನುತ್ತೆ. ಈ 13 ತಿಂಗಳ ವ್ಯತ್ಯಾಸ ಇದೆಯಲ್ಲ, ಅದನ್ನ ಅರಬ್ ಶೇಖ್ ಒಬ್ಬನೇ ತಿಂದದ್ದಲ್ಲ. ಊರಿನ ಸಬ್ ಏಜೆಂಟ್, ಊರಿನ ಬಡ್ಡಿ ವ್ಯವಹಾರದವನು ಇಬ್ಬರಿಗೂ ಪಾಲಿದೆ.

ಸಾಲ ಕೊಟ್ಟು ಮನುಷ್ಯನನ್ನ ಕಟ್ಟಿಹಾಕೋದು ನಮಗೆ ಗಲ್ಫ್ ಕಲಿಸಿಕೊಟ್ಟ ವಿದ್ಯೆ ಏನಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ಸ್ವಾತಂತ್ರ್ಯ ಬಂದು 29 ವರ್ಷ ಆದ ಮೇಲೆ. ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯೋಕೆ 'ಮುಂಗಡ' ತಗೊಂಡು ಹೋದ ಕುಟುಂಬ, ಮುಂಗಡ ತೀರೋ ತನಕ ಹಬ್ಬಕ್ಕೂ ಊರಿಗೆ ಬರೋಕೆ ಆಗದ ಕಥೆ ನಮ್ಮ ರಾಜ್ಯದಲ್ಲೇ ಕೇಳಿದ್ದೀವಿ. ಕಫಾಲಾ ಅಂತ ಮೂಗು ಮುರಿಯೋ ಮುಂಚೆ ಮುಂಗಡದ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಬೇಕು.

ಹೊರಡೋ ಸ್ವಾತಂತ್ರ್ಯಕ್ಕೆ ನಮ್ಮ ಸರ್ಕಾರದ್ದೂ ಒಂದು ಬೇಲಿ ಇದೆ. 1983ರ ವಲಸೆ ಕಾಯ್ದೆಯ ಕೆಳಗೆ, ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಕೆಲಸಕ್ಕೆ ಅಂತ 18 ದೇಶಗಳಿಗೆ ಹೋಗೋ ಮುಂಚೆ ಅನುಮತಿ ತಗೋಬೇಕು. ಈ ಆರೂ ಗಲ್ಫ್ ದೇಶಗಳು ಅದರಲ್ಲಿವೆ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಗಳಿಗೆ ಮನೆಕೆಲಸದಂಥ ಕೆಲಸಕ್ಕೆ ಹೋಗೋಕೆ 30 ವರ್ಷ ಆಗಿರಬೇಕು. ಉದ್ದೇಶ ರಕ್ಷಣೆ, ಒಪ್ಪೋಣ. ಆದ್ರೆ 18ಕ್ಕೆ ಓಟು ಹಾಕಬಹುದಾದ ಹುಡುಗಿ, ದುಡಿಯೋಕೆ ಹೋಗಲು ಇನ್ನೂ 12 ವರ್ಷ ಕಾಯಬೇಕು. ಕಾಯೋಕೆ ಆಗದವಳು ವಿಸಿಟ್ ವೀಸಾದಲ್ಲಿ ಬರ್ತಾಳೆ. ಆಗ ಅನುಮತಿಯ ದಾಖಲೆ ಇಲ್ಲ, 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಇಲ್ಲ, ಅವಳು ಎಲ್ಲಿದ್ದಾಳೆ ಅನ್ನೋದೇ ಯಾರ ಪುಸ್ತಕದಲ್ಲೂ ಇಲ್ಲ. ಕಾಪಾಡೋಕೆ ಹಾಕಿದ ಬೇಲಿ ಅವಳನ್ನ ಕಳ್ಳದಾರಿಗೆ ತಳ್ಳಿದ ಹಾಗಾಯ್ತು.

ನಾಲ್ಕನೇ ಕಾಗದ: ಓಟಿನ ಚೀಟಿ

ಹೊರದೇಶದಲ್ಲಿರೋ ಭಾರತೀಯ ನಾಗರಿಕರಿಗೆ ಓಟಿನ ಹಕ್ಕು ಸಿಕ್ಕಿದ್ದು ತಡವಾಗಿ. ಜನಪ್ರತಿನಿಧಿ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯ್ತು, 2011ರಿಂದ ನಾವು ಫಾರ್ಮ್ 6ಎ ತುಂಬಿ, ಪಾಸ್‌ಪೋರ್ಟಲ್ಲಿರೋ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಆದ್ರೆ ಓಟು ಹಾಕೋಕೆ ಆ ಊರಿನ ಮತಗಟ್ಟೆಗೇ ಹೋಗಬೇಕು, ಪಾಸ್‌ಪೋರ್ಟ್ ಹಿಡ್ಕೊಂಡು. ಅಂಚೆ ಮತ ಇಲ್ಲ, ಆನ್‌ಲೈನ್ ಇಲ್ಲ. ನಮ್ಮ ಪರವಾಗಿ ಬೇರೆಯವರು ಮತ ಹಾಕೋ ಅವಕಾಶಕ್ಕೆ ಒಂದು ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು. ರಾಜ್ಯಸಭೆಯಲ್ಲಿ ಪಾಸಾಗೋ ಮುಂಚೆ ಲೋಕಸಭೆಯ ಅವಧಿ ಮುಗೀತು, ಮಸೂದೆಯೂ ಬಿದ್ದುಹೋಯ್ತು.

ಫಲಿತಾಂಶ ಏನು? 2024ರ ಲೋಕಸಭಾ ಚುನಾವಣೆಗೆ ಹೊರದೇಶದ ಮತದಾರರು ಅಂತ ಹೆಸರು ಬರೆಸಿದವರು ಸುಮಾರು 1.19 ಲಕ್ಷ. ಓಟು ಹಾಕಿದವರು 3,000 ಕೂಡ ದಾಟಲಿಲ್ಲ. ಅವರಲ್ಲೂ ಬಹುಪಾಲು ಕೇರಳದವರು. ಅಲ್ಲಿ ಗಲ್ಫ್ ಓಟು ಅಂದ್ರೆ ಪಕ್ಷಗಳು ಕಿವಿ ನೆಟ್ಟಗೆ ಮಾಡ್ತವೆ. ನಮ್ಮಲ್ಲಿ ಕರಾವಳಿಯಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿರೋ ಊರುಗಳಲ್ಲೂ ಆ ಮಾತೇ ಕೇಳಲ್ಲ. ಕಡಿಮೆ ಸಂಬಳದ ಹುಡುಗನಿಗೆ ಒಂದು ಓಟಿನ ಬೆಲೆ ಅಂದ್ರೆ ರಜೆ ಜೊತೆಗೆ ಹೋಗಿ ಬರೋ ಟಿಕೆಟ್. ಒಂದು ತಿಂಗಳ ಸಂಬಳ ಸಾಲದೇನೂ ಇರಬಹುದು.

ಇದರಲ್ಲೊಂದು ವಿಚಿತ್ರ ನೋಡಿ. ಕಾನ್ಸುಲೇಟ್‌ನಲ್ಲಿ ಬಾವುಟದ ಕೆಳಗೆ ನಿಂತ ಸರ್ಕಾರಿ ಅಧಿಕಾರಿ 'ಸೇವಾ ಮತದಾರ', ಅವರಿಗೆ ಅಂಚೆ ಮತ ಇದೆ. ಅವರ ಎದುರು ಸೆಲ್ಯೂಟ್ ಹೊಡೆದು ನಿಂತ ನಮಗಿಲ್ಲ. ನಾವು ಕಳಿಸೋ ಹಣ ರಾತ್ರಿ ಆ್ಯಪ್ ಒತ್ತಿದ್ರೆ ಬೆಳಗಾಗೋ ಒಳಗೆ ಊರಿನ ಬ್ಯಾಂಕಲ್ಲಿರುತ್ತೆ. ನಮ್ಮ ಅಭಿಪ್ರಾಯ ಮಾತ್ರ ವಿಮಾನ ಹತ್ತಿ ಹೋಗಬೇಕು.

ಹಾಗಾದ್ರೆ ಯಾಕೆ ಬಂದ್ರಿ?

ಕಾಮೆಂಟಲ್ಲಿ ಈ ಪ್ರಶ್ನೆ ಬರುತ್ತೆ ಅಂತ ಗೊತ್ತು, ಮುಂಚೆನೇ ಉತ್ತರ ಹೇಳ್ತೀನಿ. ಇಲ್ಲಿಗೆ ಬಂದಿದ್ದರಿಂದ ಸಿಕ್ಕ ಸ್ವಾತಂತ್ರ್ಯವೂ ಇದೆ. ಅಡವಿಟ್ಟ ಗದ್ದೆ ಬಿಡಿಸಿಕೊಂಡವರಿದ್ದಾರೆ. ಊರಲ್ಲಿ ಹೊರಗೆ ದುಡಿಯೋಕೆ ಬಿಡದ ಮನೆಯ ನರ್ಸ್ ಒಬ್ಬರು ಇಲ್ಲಿ ತಮ್ಮ ಹೆಸರಲ್ಲೇ ಖಾತೆ, ತಮ್ಮದೇ ಕಾರು ಇಟ್ಟುಕೊಂಡಿದ್ದಾರೆ. ಜಾತಿ ಕೇಳದೆ ಒಂದೇ ರೂಮಲ್ಲಿ ಎಂಟು ಜನ ಒಂದೇ ಪಾತ್ರೆಯಲ್ಲಿ ಉಣ್ಣೋದನ್ನ ನಾನು ಮೊದಲು ನೋಡಿದ್ದು ಇಲ್ಲೇ. ಇದನ್ನೆಲ್ಲ ಕಡೆಗಣಿಸಿದ್ರೆ ನನ್ನ ಲೆಕ್ಕವೇ ತಪ್ಪಾಗುತ್ತೆ.

ಆದ್ರೆ ದುಡಿಯೋ ಸ್ವಾತಂತ್ರ್ಯ ಗಟ್ಟಿ ನಿಲ್ಲೋದು, ಬೇಡ ಅನ್ನಿಸಿದಾಗ ಎದ್ದು ಹೊರಡೋ ಸ್ವಾತಂತ್ರ್ಯ ಅದರ ಹಿಂದೆ ಇದ್ದಾಗ ಮಾತ್ರ. 'ನಾಳೆ ಹೊರಡ್ತೀನಿ' ಅನ್ನಬಲ್ಲ ಕೆಲಸಗಾರನಿಗೆ ಮಾಲೀಕ ಮರ್ಯಾದೆ ಕೊಟ್ಟು ಮಾತಾಡಿಸ್ತಾನೆ. ಹೊರಡೋಕೆ ಆಗಲ್ಲ ಅಂತ ಗೊತ್ತಾದ್ರೆ ಅದೇ ಮಾಲೀಕನ ದನಿ ಬದಲಾಗುತ್ತೆ.

ಈಗ ಮಾಡಬಹುದಾದ ಕೆಲಸ. ಊರಲ್ಲಿ ಕೂತು ಕೇಳ್ತಾ ಇರೋರು ಇವತ್ತು ಗಲ್ಫ್‌ನಲ್ಲಿರೋ ಅಣ್ಣನಿಗೋ ಅಕ್ಕನಿಗೋ 'ಹ್ಯಾಪಿ ಇಂಡಿಪೆಂಡೆನ್ಸ್ ಡೇ' ಫಾರ್ವರ್ಡ್ ಕಳಿಸೋ ಬದಲು ಫೋನ್ ಮಾಡಿ. ಪಾಸ್‌ಪೋರ್ಟ್ ನಿನ್ನ ಹತ್ರ ಇದೆಯಾ? ಕಾಂಟ್ರಾಕ್ಟ್ ಫೋಟೋ ನನಗೊಂದು ಕಳಿಸ್ತೀಯಾ? ಏಜೆಂಟ್ ಸಾಲ ಇನ್ನೆಷ್ಟಿದೆ? ಪಟ್ಟಿಯಲ್ಲಿ ಹೆಸರಿದೆಯಾ? ಇಷ್ಟೇ ಕೇಳಿ. ಅವರು 'ಎಲ್ಲಾ ಚೆನ್ನಾಗಿದೆ' ಅಂತಾರೆ, ಅದು ಗಲ್ಫ್‌ನವರ ಅಭ್ಯಾಸ. ಇನ್ನೊಂದು ಸಲ ಕೇಳಿ.

ಇಲ್ಲಿರೋರಿಗೆ: ಪಾಸ್‌ಪೋರ್ಟ್ ಕಂಪನಿ ಹತ್ರ ಇದ್ರೆ ಮೊದಲು ಬರವಣಿಗೆಯಲ್ಲಿ ಕೇಳಿ, ಮೆಸೇಜ್ ಆದ್ರೂ ಸರಿ, ಅದು ದಾಖಲೆ. ಕೊಡದಿದ್ರೆ ಇಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಉಚಿತ ನಂಬರ್ 800 46342. ಕೀಪ್ಯಾಡಲ್ಲಿ 800 ಒತ್ತಿ 'ಇಂಡಿಯಾ' ಅಂತ ಇಂಗ್ಲಿಷ್ ಅಕ್ಷರ ಒತ್ತಿದ್ರೂ ಅದೇ ನಂಬರ್. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಊರಲ್ಲಿರೋ ಮನೆಯವರೂ ದೂರು ದಾಖಲಿಸಬಹುದು, ನೀವು ಇಲ್ಲಿ ಹೆದರಿಕೊಂಡು ಸುಮ್ಮನಿದ್ದಾಗ ಅದು ಉಪಯೋಗಕ್ಕೆ ಬರುತ್ತೆ.

ಕುಂದಾಪುರದ ಆ ಅಣ್ಣ ಈಗ ಬೇರೆ ಕಂಪನಿಯಲ್ಲಿದ್ದಾರೆ. ಸೇರೋ ದಿನ ವೀಸಾ ಕೆಲಸ ಮುಗಿಯೋ ತನಕ ಆಫೀಸಲ್ಲೇ ಕಾದು ಕೂತು, ಪಾಸ್‌ಪೋರ್ಟ್ ಇಸ್ಕೊಂಡೇ ಎದ್ದರಂತೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದಾರೆ. ಬೀಗದ ಕೀ ಉಡಿದಾರದಲ್ಲಿ.

ಮುಂದಿನ ಸಂಚಿಕೆಯಲ್ಲಿ, ಊರಿಗೆ ದುಡ್ಡು ಕಳಿಸುವಾಗ ಎಕ್ಸ್‌ಚೇಂಜ್‌ನವರು ಎಲ್ಲಿ ಎಷ್ಟು ಹಿಡಿದುಕೊಳ್ತಾರೆ ಅನ್ನೋ ಲೆಕ್ಕ. ಅಲ್ಲಿವರೆಗೆ ಹುಷಾರಾಗಿರಿ, ನೀರು ಕುಡೀತಾ ಇರಿ. ನಮಸ್ಕಾರ.